ದೊಡ್ಡಪತ್ರೆಯ ಸುತ್ತಿನ ಬಯಲು

ಮುಂಬಯಿಯ ವಿಲೆ ಪಾರ್ಲೆ ಪಶ್ಚಿಮದ ಭಾಯಿದಾಸ್ ಸಭಾಗೃಹಕ್ಕೆ ನಾಟಕ ನೋಡಲು ಹೋಗುತ್ತಿದ್ದವರು ಬಹಳ. ಅದೇ ಕಟ್ಟಡದ ಮೇಲ್ಮಹಡಿಯಲ್ಲಿ ಸಿ.ಬಿ. ಪಟೇಲ್ ಸಂಶೋಧನಾ ಕೇಂದ್ರವಿದ್ದದ್ದು ಅವರಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಪಕ್ಕದಲ್ಲೇ ಮೀಠೀಬಾಯಿ ಕಾಲೇಜು. ರೈಲುಹಳಿ ದಾಟಿ ಪೂರ್ವಕ್ಕೆ ಬಂದರೆ ಸಾಠ್ಯೆ ಕಾಲೇಜು. ಸೊಪ್ಪು, ತೊಗಟೆ, ಬೇರಿನ ಸಾರ ಇಳಿಸಿ ಬ್ಯಾಕ್ಟೀರಿಯಾದ ಮೇಲೆ ಹಾಕಿ ನೋಡುವುದು ಇಂಥ ಕಡೆಗಳಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುವ ಎಷ್ಟೋ ಮಕ್ಕಳ ಮೊದಲ ಸಂಶೋಧನೆ. ಪಾರ್ಲೆಯಲ್ಲೇ ಓದುವ ನನ್ನ ಅಕ್ಕನ ಮಗಳು ಆರಿಸಿಕೊಂಡದ್ದು ದೊಡ್ಡಪತ್ರೆ. ಊರಲ್ಲಿ ನಾವು ಸಾಂಬ್ರಾಣಿ ಎಂದು ತಂಬುಳಿ ಮಾಡುವ ಸೊಪ್ಪು. ನಮ್ಮ ಕಿಟಕಿಯ ಗ್ರಿಲ್ಲಿನಲ್ಲಿಟ್ಟ ಕುಂಡದಿಂದಲೇ ಕೊಯ್ದುಕೊಂಡು ಹೋದಳು.

ಕೆಲಸ ನೋಡಲು ಚೆಂದ. ತಟ್ಟೆಯಲ್ಲಿ ಅಗರ್ ಹೊಯ್ದು, ಅದು ಗಟ್ಟಿಯಾದ ಮೇಲೆ ಬ್ಯಾಕ್ಟೀರಿಯಾ ಇರುವ ದ್ರವವನ್ನು ಹತ್ತಿಯ ಕಡ್ಡಿಯಿಂದ ಎಲ್ಲೂ ಬಿಡದೆ ಸವರುತ್ತಾರೆ. ಲೋಹದ ಕೊಳವೆಯಿಂದ ಪುಟ್ಟ ಗುಳಿಗಳನ್ನು ಕೊರೆದು ಸಾರ ತುಂಬುತ್ತಾರೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ರಾತ್ರಿ ಇಟ್ಟರೆ ಬೆಳಿಗ್ಗೆ ತಟ್ಟೆಯ ತುಂಬ ಮಂಜು ಕವಿದ ಹಾಗೆ ಬ್ಯಾಕ್ಟೀರಿಯಾ. ಸಾರಕ್ಕೆ ಶಕ್ತಿಯಿದ್ದರೆ ಗುಳಿಯ ಸುತ್ತ ಮಾತ್ರ ತಿಳಿಯಾದ ಬಯಲು. ಅದರ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ.

ಒಂದು ಗುಳಿಗೆ ಎಲೆಯ ಸಾರವೇ ಇಲ್ಲದ, ಸಾರ ಇಳಿಸಲು ಬಳಸಿದ ಬರೀ ಆಲ್ಕೋಹಾಲ್ ಹಾಕಿದ್ದಳು. ಏಕೆಂದು ಕೇಳಿದೆ. "ಚಿಕ್ಕಮ್ಮ, ಆಲ್ಕೋಹಾಲೂ ಬ್ಯಾಕ್ಟೀರಿಯಾ ಕೊಲ್ತದಲ್ಲ? ಅದರ ಲೆಕ್ಕ ಬೇರೆ ಇಡದಿದ್ರೆ ಅದು ಮಾಡಿದ್ದೂ ಎಲೆಯ ಹೆಸರಿಗೇ ಹೋಗ್ತದೆ," ಎಂದಳು. ಆ ಖಾಲಿ ಗುಳಿಯ ಮೇಲೆ ನನಗೆ ತುಂಬ ಗೌರವ ಬಂದಿದೆ. ನಮ್ಮ ಮನೆಮದ್ದುಗಳ ಹೊಗಳಿಕೆಯಲ್ಲಿ ಇಲ್ಲದಿರುವುದು ಅದೊಂದೇ.

ಅಗರ್ ಎಂದರೆ ಪಾರ್ಲೆಯ ಅಂಗಡಿಗಳಲ್ಲಿ ಪುಡ್ಡಿಂಗಿಗೆಂದು ಸಿಗುವ ಚೈನಾ ಗ್ರಾಸೇ. ಪ್ರಯೋಗಾಲಯಕ್ಕೆ ಅದು ಬಂದದ್ದೂ ಅಡುಗೆಮನೆಯಿಂದ. ರಾಬರ್ಟ್ ಕೋಚ್‌ನ ಬಳಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯ ತಟ್ಟೆಗಳಲ್ಲಿ ಜೆಲಾಟಿನ್ ಬೇಸಿಗೆಗೆ ಕರಗಿ ನೀರಾಗುತ್ತಿತ್ತು. 1881ರಲ್ಲಿ ಅವನ ಹೆಂಡತಿ ಫ್ಯಾನಿ, ತಾನು ಜೆಲ್ಲಿಗೆ ಬಳಸುವ ಅಗರ್ ಹಾಕಿ ನೋಡು ಎಂದಳು. ಜಗತ್ತಿನ ಪ್ರಯೋಗಾಲಯಗಳೆಲ್ಲ ಇಂದಿಗೂ ಅವಳ ಮಾತನ್ನೇ ನಡೆಸುತ್ತಿವೆ.

ಅಡುಗೆಮನೆಯ ಕೈಗೂ ಒಂದು ವಿಜ್ಞಾನವಿದೆ. ಬೆಳ್ಳುಳ್ಳಿಯನ್ನು ಇಡಿಯಾಗಿ ಬೇಯಿಸಿದರೆ ಅಲಿಸಿನ್ ಹುಟ್ಟುವುದಿಲ್ಲ; ಹಸಿಯಾಗಿ ಜಜ್ಜಬೇಕು. ಅರಸಿನದ ಕರ್ಕ್ಯುಮಿನ್ ನೀರಿಗಿಳಿಯುವುದು ತೀರ ಕಡಿಮೆ. ಅದಕ್ಕೆ ಎಣ್ಣೆ, ಕೊಬ್ಬು ಬೇಕು. ದೊಡ್ಡಪತ್ರೆಯ ಘಮದಲ್ಲಿರುವ ಕಾರ್ವಕ್ರಾಲ್, ಥೈಮಾಲ್‌ಗಳು ಬ್ಯಾಕ್ಟೀರಿಯಾದ ಪೊರೆಯನ್ನೇ ಕೆಡಿಸುತ್ತವೆ, ಆದರೆ ಗಾಳಿಗೆ ಹಾರಿಹೋಗುವ ಜಾತಿಯವು. ನಮ್ಮಮ್ಮ ಎಲೆಯನ್ನು ಬಿಸಿಲಿಗೆ ಒಣಗಿಸದೆ, ಕೆಂಡದ ಮೇಲೆ ತುಸು ಬಾಡಿಸಿ ಆಗಲೇ ಹಿಂಡುತ್ತಿದ್ದಳು. ಸಾರ ಹೇಗೆ ಇಳಿಸಿದಿರಿ ಎಂಬುದನ್ನು ಬರೆಯದೆ ಸೊಪ್ಪಿನ ಹೆಸರನ್ನಷ್ಟೇ ಬರೆದರೆ ಅರ್ಧ ವಿದ್ಯೆ ಕಳೆದುಹೋಯಿತು.

ಬಯಲು ದೊಡ್ಡದಾಯಿತೆಂದು ಮದ್ದು ಸಿಕ್ಕಿತೆನ್ನುವಂತಿಲ್ಲ. ಅಗರಿನಲ್ಲಿ ಬೇಗ ಹರಿಯುವ ವಸ್ತುವಿಗೆ ಬಯಲು ದೊಡ್ಡದಾಗಿಯೇ ಬರುತ್ತದೆ. ಸ್ಟೆಫಿಲೊಕಾಕಸ್ ಮಣಿದರೂ, ಹೊರಗಿನಿಂದ ಇನ್ನೊಂದು ಪೊರೆಯಿರುವ ಸ್ಯೂಡೊಮೊನಾಸ್ ಜಗ್ಗದಿರಬಹುದು. ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣವನ್ನು ನೋಡಿದರೆ ಆ್ಯಂಟಿಬಯಾಟಿಕ್‌ಗಳ ಲೆಕ್ಕ ಮೈಕ್ರೊಗ್ರಾಂನಲ್ಲಿ, ಕಚ್ಚಾ ಸಾರಗಳದ್ದು ಸಾಮಾನ್ಯವಾಗಿ ಮಿಲಿಗ್ರಾಂನಲ್ಲಿ. ಅಷ್ಟನ್ನು ರಕ್ತಕ್ಕೆ ತಲುಪಿಸುವುದು ಸುಲಭವಲ್ಲ. ಉರಿಮೂತ್ರಕ್ಕೆ ಕಷಾಯ ಕುಡಿಯುತ್ತಾ, ಚಳಿಜ್ವರ ಏರುವವರೆಗೂ ಡಾಕ್ಟರ ಹತ್ತಿರ ಹೋಗದವರನ್ನು ಕಂಡು ಸಂಕಟಪಟ್ಟಿದ್ದೇನೆ. ತಟ್ಟೆಯ ಬಯಲನ್ನು ಪತ್ರಿಕೆಯಲ್ಲಿ ಚಿಕಿತ್ಸೆಯೆಂದು ಬರೆಯುವವರು ಇಂಥವರನ್ನು ನೆನೆಯಬೇಕು.

ಈಗ ಅವಳಿಗೆ ಇನ್ನೊಂದು ಕೆಲಸ ಹೇಳಿದ್ದೇನೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ತುಳುನಾಡಿನವರು ಹಾಲೆಮರದ ತೊಗಟೆಯನ್ನು ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಓಮ, ಬೆಳ್ಳುಳ್ಳಿ, ಕರಿಮೆಣಸು ಸೇರಿಸಿ ರಸ ಕುಡಿಯುತ್ತಾರೆ. ಅಂದೇ ಅದರ ಗುಣ ಹೆಚ್ಚು ಎಂದು ನಂಬಿಕೆ. ಮುಂಬಯಿಯ ರಸ್ತೆಬದಿಯಲ್ಲಿ ಸಪ್ತಪರ್ಣಿಯೆಂದು ನೆಟ್ಟದ್ದೂ ಇದೇ ಮರ. ಒಂದೇ ಮರದ ತೊಗಟೆಯನ್ನು ತಿಂಗಳು ತಿಂಗಳೂ ತೆಗೆದು, ಒಂದೇ ಬಗೆಯಲ್ಲಿ ಸಾರ ಇಳಿಸಿ, ಒಂದೇ ಬ್ಯಾಕ್ಟೀರಿಯಾದ ಮೇಲೆ ಹಾಕಿ ನೋಡು ಎಂದೆ. ಊರಿನ ತೊಗಟೆಯೂ ಬೇಕೆಂದಳು. ಮರದ ಗುರುತಿರುವವರ ಕೈಯಲ್ಲೇ ತರಿಸು ಎಂದಿದ್ದೇನೆ. ಕತ್ತಲಲ್ಲಿ ಹಾಲೆಯೆಂದು ಕಾಸರಕನ ತೊಗಟೆ ಕೆತ್ತಿ ತಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ವಿಷ.