ಗುಂಡಿನ ವೇಗ, ಗಾಳಿಯ ಲೆಕ್ಕ

ಕೊಡಗಿನಲ್ಲಿ ವರದಿ ಮಾಡುವ ನಮಗೆ ಸೆಪ್ಟೆಂಬರ್ ಬಂತೆಂದರೆ ಕೈಲ್ ಪೊಳ್ದ್ ಹಬ್ಬದ ಸುದ್ದಿ, ಅದರ ಜೊತೆಗೇ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಸುದ್ದಿ. ಗೆದ್ದವರ ಹೆಸರು, ಉದ್ಘಾಟಿಸಿದವರ ಹೆಸರು, ಒಂದು ಫೋಟೋ ಕಳಿಸಿದರೆ ಡೆಸ್ಕಿನವರಿಗೆ ಸಾಕು. ಮೈದಾನದಲ್ಲಿ ನಿಂತಾಗ ಮಾತ್ರ ನಮ್ಮ ಕಣ್ಣು ಹೋಗುವುದು ಹಿರಿಯರ ಕಡೆಗೆ. ಕೋವಿ ಎತ್ತುವ ಮುಂಚೆ ಅವರು ಕಾಯಿಯನ್ನಲ್ಲ, ಸಿಲ್ವರ್ ಓಕ್ ಎಲೆ ಅಲ್ಲಾಡುವುದನ್ನು ನೋಡುತ್ತಾರೆ.

ಪಾಯಿಂಟ್ 22 ರೈಫಲ್ಲಿನ ಸಾಮಾನ್ಯ ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೊರಡುತ್ತದೆ. ಹೆಚ್ಚುಕಡಿಮೆ ಶಬ್ದದ ವೇಗವೇ. 50 ಮೀಟರ್ ದಾಟುವಷ್ಟರಲ್ಲಿ ಅದು ನಳಿಗೆಯ ನೇರದಿಂದ 12-13 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. 100 ಮೀಟರಿಗೆ ಆ ಇಳಿತ ಅರ್ಧ ಮೀಟರಿನಷ್ಟು. ದೂರ ಎರಡರಷ್ಟಾದರೆ ಇಳಿತ ನಾಲ್ಕರಷ್ಟು, ಅಡ್ಡಗಾಳಿಗೆ ಸರಿಯುವುದೂ ಸುಮಾರು ಅಷ್ಟೇ. ನಮಗೆ ತಮಾಷೆ ಅನ್ನಿಸಿದ್ದು ಇನ್ನೊಂದು: ಇದೇ ಕೋವಿಗೆ ಹೆಚ್ಚು ವೇಗದ ಕಾಡತೂಸು ಹಾಕಿದರೆ ಗಾಳಿಗೆ ಗುಂಡು ಇನ್ನೂ ಜಾಸ್ತಿ ಸರಿಯುತ್ತದೆ. ಶಬ್ದದ ವೇಗ ಮೀರಿ ಹೊರಟದ್ದನ್ನು ಗಾಳಿ ಬಲವಾಗಿ ತಡೆಯುತ್ತದೆ. ಹಾಗೆ ಕಳೆದುಕೊಂಡ ಸಮಯದಲ್ಲೇ ಗುಂಡು ಪಕ್ಕಕ್ಕೆ ಸರಿಯುವುದು. ಗುರಿಕಾರರು ನಿಧಾನದ ಗುಂಡನ್ನೇ ಇಷ್ಟಪಡುವುದು ಸುಮ್ಮನೆ ಅಲ್ಲ.

ವೇಗ ಅಳೆಯಲು ಈಗ ಕ್ರೋನೋಗ್ರಾಫ್ ಇದೆ. ಎರಡು ಬೆಳಕಿನ ಸೆನ್ಸರ್. ಮೊದಲನೆಯದನ್ನು ದಾಟಿದ ಗುಂಡು ಎರಡನೆಯದಕ್ಕೆ ಬರಲು ಹಿಡಿದ ಸಮಯವೇ ಲೆಕ್ಕ. ನಡುವೆ ಒಂದು ಮೀಟರ್ ಇದ್ದರೆ ಸೆಕೆಂಡಿನ ಸಾವಿರದ 3 ಭಾಗ. ಇದು ಇಲ್ಲದ ಕಾಲದಲ್ಲಿ ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ ತೂಗುವ ಮರದ ಹಲಗೆಗೆ ಗುಂಡು ಹೊಡೆದು, ಹಲಗೆ ಎಷ್ಟು ಹಿಂದೆ ತೂಗಿತು ಎಂಬುದರಿಂದ ವೇಗ ಕಂಡುಹಿಡಿದ. ಗಾಳಿಯ ತಡೆ ಜನ ಅಂದುಕೊಂಡಿದ್ದಕ್ಕಿಂತ ಬಹಳ ದೊಡ್ಡದು ಎಂದು ಅವನ 1742ರ ಪುಸ್ತಕ ತೋರಿಸಿಕೊಟ್ಟಿತು. ಈಸ್ಟ್ ಇಂಡಿಯಾ ಕಂಪನಿಯ ಕೋಟೆ ಕೆಲಸಕ್ಕೆ ಬಂದವನು 1751ರಲ್ಲಿ ಸತ್ತದ್ದು ನಮ್ಮ ಪಕ್ಕದ ತಮಿಳುನಾಡಿನ ಕಡಲೂರಿನ ಹತ್ತಿರ, ಸೇಂಟ್ ಡೇವಿಡ್ ಕೋಟೆಯಲ್ಲಿ.

ಇದನ್ನೆಲ್ಲ ನಾವು ಓದತೊಡಗಿದ್ದು ಸ್ಪರ್ಧೆಗಾಗಿ ಅಲ್ಲ. ಒಂದು ಸಂಜೆ ಕಾಫಿ ತೋಟದಲ್ಲಿ ಕೂಲಿ ಮುಗಿಸಿ ಲೈನ್‌ಮನೆಗೆ ಹೋಗುತ್ತಿದ್ದ ಹುಡುಗನೊಬ್ಬ ಗುಂಡು ತಗುಲಿ ಸತ್ತ. ಹಂದಿಗೆ ಹೊಡೆದೆ, ತೋಡಿನ ಆಚೆ ಮುನ್ನೂರು ಮೀಟರ್ ದೂರದಲ್ಲಿದ್ದೆ, ಅಲ್ಲಿಂದ ಪಾಯಿಂಟ್ 22ರ ಗುಂಡು ಯಾರನ್ನೂ ಕೊಲ್ಲುವುದಿಲ್ಲ ಎಂದು ಹೊಡೆದವರ ವಾದ. ಹುಡುಗನ ಅಣ್ಣ ಶವಾಗಾರದ ಹೊರಗೆ ನಮ್ಮನ್ನು ಕೇಳಿದರು: "ಅಷ್ಟು ದೂರದಿಂದ ಬಿದ್ರೆ ಸಾಯಲ್ವಾ ಸಾರ್?"

ಸಾಯುತ್ತಾರೆ. 300 ಮೀಟರ್ ದಾಟಿದ ಮೇಲೂ ಆ ಗುಂಡಿಗೆ ಸೆಕೆಂಡಿಗೆ 200 ಮೀಟರಿಗೂ ಹೆಚ್ಚು ವೇಗ ಉಳಿದಿರುತ್ತದೆ. ನಳಿಗೆ ಮೇಲಕ್ಕಿದ್ದರೆ ಒಂದು ಕಿಲೋಮೀಟರ್ ದಾಟಿಯೂ ಹೋಗುತ್ತದೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. ಅದರ ಬಗ್ಗೆ ನಮಗೆ ತಕರಾರಿಲ್ಲ. ಮಬ್ಬುಗತ್ತಲಲ್ಲಿ ಸದ್ದಿಗೆ ಗುಂಡು ಹೊಡೆಯುವುದರ ಬಗ್ಗೆ ಇದೆ.

ವೇಗದ ಲೆಕ್ಕವನ್ನೂ ಸೇರಿಸಿ ಬರೆದು ಕಳಿಸಿದೆವು. ಮರುದಿನ ಪುಟದಲ್ಲಿ ನಾಲ್ಕು ಸಾಲು ಬಂತು: ಆಕಸ್ಮಿಕವಾಗಿ ಗುಂಡು ತಗುಲಿ ಸಾವು. ಅಣ್ಣನಿಗೆ ಪೂರ್ತಿ ಬರಹದ ಪ್ರಿಂಟ್ ತೆಗೆಸಿಕೊಟ್ಟೆವು. ಕೋರ್ಟಿನಲ್ಲಿ ತಾರೀಕು ಬಿದ್ದಾಗಲೆಲ್ಲ ಅವರು ಫೋನ್ ಮಾಡುತ್ತಾರೆ.