ಲಕ್ಷ್ಯಭೇದ

ವ್ಯಾಕರಣ ಛಂದಸ್ಸುಗಳನ್ನು ಪಾಠ ಹೇಳುವ ಕನ್ನಡ ಪಂಡಿತನು ಕೋವಿಯ ಆಟವನ್ನು ಕುರಿತು ಬರೆಯಹೊರಟನೆಂದರೆ ಕೆಲವರಿಗೆ ನಗು ಬಂದೀತು. ಆದರೆ ಶಬ್ದಗಳ ಬೆನ್ನು ಹತ್ತಿದವನು ಎಲ್ಲಿಗೆ ಹೋಗಿ ಮುಟ್ಟುವನೆಂದು ಹೇಳಬರುವುದಿಲ್ಲ. ‘ಲಕ್ಷ್ಯಭೇದ’ವೆಂಬ ಸಮಾಸದಲ್ಲಿ ಭೇದವೆಂದರೆ ಒಡೆಯುವಿಕೆ. ಅದೇ ಶಬ್ದಕ್ಕೆ ವ್ಯತ್ಯಾಸವೆಣಿಸುವಿಕೆ ಎಂಬ ಇನ್ನೊಂದು ಅರ್ಥವೂ ಉಂಟು. ಈ ಎರಡು ಅರ್ಥಗಳೂ ಒಂದೇ ಕಣದಲ್ಲಿ ಎದುರುಬದುರಾಗಿ ನಿಂತ ಪ್ರಸಂಗವು 1992ರ ಬಾರ್ಸೆಲೋನ ಒಲಿಂಪಿಕ್ ಕ್ರೀಡಾಕೂಟದಲ್ಲಿ ನಡೆಯಿತು.

ಆ ಆಟದ ಹೆಸರು ಸ್ಕೀಟ್. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಬೇಟೆಗಾರರು ಹಕ್ಕಿಬೇಟೆಯ ಅಭ್ಯಾಸಕ್ಕೆಂದು 1920ರ ಸುಮಾರಿಗೆ ಇದನ್ನು ಕಲ್ಪಿಸಿಕೊಂಡರು. 1926ರಲ್ಲಿ ಪತ್ರಿಕೆಯೊಂದು ಈ ಆಟಕ್ಕೆ ತಕ್ಕ ಹೆಸರನ್ನು ಸೂಚಿಸುವವರಿಗೆ ಬಹುಮಾನವನ್ನು ಸಾರಿತು. ಅದನ್ನು ಗೆದ್ದವಳು ಗರ್ಟ್ರೂಡ್ ಹರ್ಲ್‌ಬಟ್ ಎಂಬ ಮಹಿಳೆ. ‘ಹೊಡೆ’ ಎಂಬರ್ಥದ ಹಳೆಯ ಸ್ಕ್ಯಾಂಡಿನೇವಿಯನ್ ಮಾತಿನಿಂದ ಆ ಹೆಸರು ಬಂದಿತೆನ್ನುತ್ತಾರೆ. ಆಟಕ್ಕೆ ನಾಮಕರಣ ಮಾಡಿದವಳು ಹೆಣ್ಣೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಅರ್ಧಚಂದ್ರಾಕಾರದ ಅಂಗಳ. ಅದರ ಎರಡು ತುದಿಗಳಲ್ಲಿ ಎರಡು ಗೂಡುಗಳು. ಒಂದು ಎತ್ತರದ್ದು, ಇನ್ನೊಂದು ತಗ್ಗಿನದು. ಯಂತ್ರಗಳು ಈ ಗೂಡುಗಳಿಂದ ಚಿಮ್ಮಿಸುವ ಬಿಲ್ಲೆಗಳು ಅಂಗಳವನ್ನು ಅಡ್ಡಹಾಯ್ದು ಹಾರುತ್ತವೆ. ಬಿಲ್ಲೆಯ ಅಗಲ 11 ಸೆಂಟಿಮೀಟರ್, ತೂಕ ಸುಮಾರು 105 ಗ್ರಾಂ. ಜೇಡಿಮಣ್ಣಿನದೆಂದು ಹೆಸರಿದ್ದರೂ ಈಗ ಅದನ್ನು ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಅಂಟನ್ನು ಕೂಡಿಸಿ ಮಾಡುತ್ತಾರೆ. ಹಿಂದೆ, 1900ರ ಪ್ಯಾರಿಸ್ ಕ್ರೀಡಾಕೂಟದ ಕಾಲದಲ್ಲಿ, ಜೀವಂತ ಪಾರಿವಾಳಗಳನ್ನೇ ಹಾರಿಸಿ ಹೊಡೆದುದುಂಟು. ಜೀವವಿಲ್ಲದ ಬಿಲ್ಲೆಯನ್ನು ಆಟಗಾರರು ಇಂದಿಗೂ ‘ಹಕ್ಕಿ’ ಎಂದೇ ಕರೆಯುವರು.

ಎಂಟು ನೆಲೆಗಳಲ್ಲಿ ಒಂದಾದ ಮೇಲೊಂದರಂತೆ ನಿಂತು ಹೊಡೆಯಬೇಕು. ಕೋವಿಯ ಹಿಡಿ ಸೊಂಟದ ಮಟ್ಟದಲ್ಲಿರಬೇಕು. ಬಿಲ್ಲೆ ಕಣ್ಣಿಗೆ ಬೀಳುವವರೆಗೆ ಅದನ್ನು ಹೆಗಲಿಗೇರಿಸುವಂತಿಲ್ಲ. ಕರೆಕೊಟ್ಟೊಡನೆ ಬಿಲ್ಲೆ ಹಾರಬಹುದು, ಮೂರು ಸೆಕೆಂಡು ತಡೆದೂ ಹಾರಬಹುದು. ಒಂದು ಬಿಲ್ಲೆಗೆ ಒಂದೇ ಈಡು. ಅದು ಈಗ ಇರುವಲ್ಲಿಗೆ ಹೊಡೆದರೆ ಚರೆಗಳು ಹಿಂದುಳಿಯುತ್ತವೆ. ಮುಂದೆ ಬಂದು ಸೇರುವಲ್ಲಿಗೆ ಹೊಡೆಯಬೇಕು. ಇಲ್ಲಿ ತೋಳಬಲಕ್ಕಿಂತ ಕಣ್ಣು, ಕೈ, ಚಿತ್ತ ಇವು ಮೂರರ ಹೊಂದಾಣಿಕೆಯೇ ಮುಖ್ಯ. 1968ರಲ್ಲಿ ಒಲಿಂಪಿಕ್ಸಿಗೆ ಸೇರಿದಂದಿನಿಂದ 1992ರವರೆಗೆ ಸ್ಕೀಟಿನಲ್ಲಿ ಗಂಡಸರೂ ಹೆಂಗಸರೂ ಒಂದೇ ಸಾಲಿನಲ್ಲಿ ನಿಂತು ಸ್ಪರ್ಧಿಸಿದುದು ಉಚಿತವೇ ಆಗಿದ್ದಿತು.

ಬಾರ್ಸೆಲೋನದಲ್ಲಿ ಚೀನದ ಸಿಚುವಾನ್ ಪ್ರಾಂತದ ಜಾಂಗ್ ಶಾನ್ ಎಂಬ 24 ವರ್ಷದ ತರುಣಿಯು ಅಂತಿಮ ಸುತ್ತಿಗೆ ಮುಂಚಿನ 200 ಬಿಲ್ಲೆಗಳಲ್ಲಿ ಒಂದನ್ನೂ ಬಿಡದೆ ಒಡೆದಳು. ಕೊನೆಯ 25ರಲ್ಲಿ 23, ಒಟ್ಟು 223. ಪೆರುವಿನ ಹ್ವಾನ್ ಗೀಹಾ, ಇಟಲಿಯ ಬ್ರೂನೊ ರೊಸೆಟ್ಟಿ ಇಬ್ಬರೂ 222ರಲ್ಲಿ ನಿಂತರು. ಸೋತ ಆ ಇಬ್ಬರು ಪುರುಷರೂ ಪದಕವೇದಿಕೆಯ ಮೇಲೆ ಅವಳನ್ನು ಎತ್ತಿ ಹಿಡಿದರು. ಗಂಡಸರೂ ಇದ್ದ ಶೂಟಿಂಗ್ ಸ್ಪರ್ಧೆಯಲ್ಲಿ ಒಲಿಂಪಿಕ್ ಸ್ವರ್ಣವನ್ನು ಪಡೆದ ಮೊದಲ ಮಹಿಳೆ ಅವಳು.

ಮುಂದಿನ ಕೂಟ ನಡೆದುದು 1996ರಲ್ಲಿ, ಅಟ್ಲಾಂಟಾದಲ್ಲಿ. ಅಲ್ಲಿ ಸ್ಕೀಟ್ ಪುರುಷರಿಗೆ ಮಾತ್ರ. ಮಹಿಳೆಯರಿಗೆ ಪ್ರತ್ಯೇಕ ಸ್ಕೀಟ್ ಇರಲಿಲ್ಲ. ಹಿಂದಿನ ಕೂಟದ ವಿಜೇತೆಯು ತನ್ನ ಪದವಿಯನ್ನು ಕಾಯ್ದುಕೊಳ್ಳಲು ಕಣಕ್ಕಿಳಿಯುವಂತೆಯೇ ಇರಲಿಲ್ಲ. ಈ ನಿರ್ಧಾರ ಅವಳ ಗೆಲುವಿಗೆ ಮೊದಲೇ ಆಗಿತ್ತೆಂದು ಬಲ್ಲವರು ಬರೆದಿದ್ದಾರೆ. ಆದುದರಿಂದ ಅಸೂಯೆಯನ್ನು ಆರೋಪಿಸುವುದು ನ್ಯಾಯವಲ್ಲ. ಆದರೆ ಅವಳ ಗೆಲುವನ್ನು ಕಂಡ ಮೇಲೂ ಅದನ್ನು ಬದಲಿಸಬೇಕೆಂದು ತೋರದೆ ಹೋದುದು ಸೋಜಿಗ. 2000ದ ಸಿಡ್ನಿ ಕೂಟದಲ್ಲಿ ಮಹಿಳೆಯರ ಸ್ಕೀಟ್ ಬಂದಿತು. ಜಾಂಗ್ ಶಾನ್ ಮರಳಿ ಬಂದು ಎಂಟನೆಯವಳಾದಳು. ಪ್ರತ್ಯೇಕ ಸ್ಪರ್ಧೆಯಿಂದ ಹೆಚ್ಚು ಹೆಣ್ಣುಮಕ್ಕಳಿಗೆ ಅವಕಾಶ ದೊರೆಯಿತೆಂಬ ವಾದದಲ್ಲಿ ಹುರುಳಿದೆ. ಆದರೆ 2016ರವರೆಗೂ ಗಂಡಸರಿಗೆ 125 ಬಿಲ್ಲೆ, ಹೆಂಗಸರಿಗೆ 75. ಒಂದೇ ತಕ್ಕಡಿಯಲ್ಲಿ ತೂಗಿ ನೋಡಿದ ಮೇಲೆಯೂ ಹೆಣ್ಣಿನ ಪಾಲಿಗೆ ಚಿಕ್ಕ ತಕ್ಕಡಿಯನ್ನು ತಂದಿಟ್ಟಂತಾಯಿತು.

ಇಷ್ಟು ದೂರದ ಸುದ್ದಿ ನನ್ನನ್ನು ಹಿಡಿದು ನಿಲ್ಲಿಸಿದುದಕ್ಕೆ ಕಾರಣವುಂಟು. ನನಗಿಂತ ಆರು ವರ್ಷಕ್ಕೆ ದೊಡ್ಡವಳಾದ ಅಕ್ಕನೊಬ್ಬಳಿದ್ದಾಳೆ. ವಿದ್ವತ್ ಪರೀಕ್ಷೆಗೆಂದು ನಾನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ ಸೂತ್ರಗಳನ್ನು ಅವಳು ಒಲೆಯ ಮುಂದೆ ಕುಳಿತು ಕಿವಿಯಿಂದಲೇ ಕಲಿತಳು. ಪದ್ಯವೊಂದಕ್ಕೆ ನಾನು ಪ್ರಸ್ತಾರ ಹಾಕಿ ಮುಗಿಸುವ ಮೊದಲೇ, ರೊಟ್ಟಿ ತಟ್ಟುತ್ತಿದ್ದಲ್ಲಿಂದಲೇ, “ತಮ್ಮಾ, ಇದು ವಾರ್ಧಕ” ಎನ್ನುತ್ತಿದ್ದಳು. ಹೆಣ್ಣುಮಕ್ಕಳು ಆ ಪರೀಕ್ಷೆಗೆ ಕೂಡಬಾರದೆಂಬ ನಿಯಮವೇನೂ ಇರಲಿಲ್ಲ. ಆದರೆ ನಮ್ಮ ಮನೆಗೆ ಬಂದುದು ಒಂದೇ ಅರ್ಜಿ. ‘ವಿದ್ವಾನ್’ ಎಂಬುದು ನನ್ನ ಹೆಸರಿನ ಹಿಂದೆ ಸೇರಿತು. ಅವಳ ವಿದ್ಯೆಗೆ ಅಂಕ ಹಾಕುವವರು ಇಂದಿಗೂ ದೊರೆತಿಲ್ಲ. ಅಟ್ಲಾಂಟಾದಲ್ಲಿ ಬಾಗಿಲನ್ನು ಮುಚ್ಚಿದರು. ನಮ್ಮಲ್ಲಿ ಬಾಗಿಲು ತೆರೆದೇ ಇದ್ದಿತು, ಕರೆಯುವವರು ಇರಲಿಲ್ಲ. ಹೊರಗುಳಿದವಳಿಗೆ ಎರಡರ ಫಲವೂ ಒಂದೇ.

ಕಾಲ ಮಾತ್ರ ನಿಂತಲ್ಲಿ ನಿಲ್ಲುವುದಿಲ್ಲ. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಹೆಂಗಸರಿಗೂ 125 ಬಿಲ್ಲೆಗಳಾದವು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಗಂಡು ಹೆಣ್ಣು ಜೋಡಿಯಾಗಿ ಆಡುವ ಸ್ಕೀಟ್ ಮೊದಲ ಬಾರಿಗೆ ನಡೆಯಿತು. ಸ್ವರ್ಣವನ್ನು ಗೆದ್ದವರು ಇಟಲಿಯ ಡಯಾನಾ ಬಾಕೋಸಿ ಮತ್ತು ಗೇಬ್ರಿಯೆಲೆ ರೊಸೆಟ್ಟಿ. ಈ ಗೇಬ್ರಿಯೆಲೆ, ಅಂದು ಬಾರ್ಸೆಲೋನದಲ್ಲಿ ಜಾಂಗ್ ಶಾನಳನ್ನು ಎತ್ತಿ ಹಿಡಿದ ಬ್ರೂನೊ ರೊಸೆಟ್ಟಿಯ ಮಗ! ನಮ್ಮ ದೇಶದ ಮಹೇಶ್ವರಿ ಚೌಹಾನ್, ಅನಂತಜೀತ್ ಸಿಂಗ್ ನರೂಕಾ ಇವರ ಜೋಡಿ ಕಂಚಿನ ಪದಕಕ್ಕಾಗಿ ಚೀನದೊಡನೆ ಸೆಣಸಿ 43-44ರಿಂದ, ಒಂದೇ ಒಂದು ಬಿಲ್ಲೆಯ ಅಂತರದಲ್ಲಿ ಸೋತಿತು. ಆ ಸೋಲು ಸೋಲೇ ಹೌದು. ಆದರೆ ಕಣದಲ್ಲಿ ನಿಂತು ಪಡೆದ ಸೋಲಿಗೆ ಒಂದು ಲೆಕ್ಕವುಂಟು.

ಈ ಸಂಚಿಕೆಯನ್ನು ಓದುವ ಪಾಲಕರಲ್ಲಿ ನನ್ನದೊಂದು ವಿನಂತಿ. ಪರೀಕ್ಷೆಯದಾಗಲಿ, ಪಂದ್ಯದ್ದಾಗಲಿ, ಅರ್ಜಿಗಳನ್ನು ತರುವ ದಿನ ಮನೆಯಲ್ಲಿ ಮಕ್ಕಳೆಷ್ಟು ಮಂದಿ ಎಂಬುದನ್ನು ಎಣಿಸಿ, ಅಷ್ಟು ಅರ್ಜಿಗಳನ್ನು ತನ್ನಿರಿ. ವಿದ್ಯಾರ್ಥಿನಿಯರೇ, ತರದಿದ್ದರೆ ನೀವೇ ಕೇಳಿರಿ.