ರಾಶಿಯ ಒಳಗಿನ ಕಾಳು

ಕಳೆದ ಈದ್‌ಗೆ ಊರಿಗೆ ಬಂದ ಮಗ ಅಟ್ಟದ ಮೇಲಿಂದ ಹಳೆಯ ಬಿಸ್ಕತ್ ಡಬ್ಬಿಯೊಂದನ್ನು ಇಳಿಸಿದ. ಒಳಗೆ ಅಂಚು ಸವೆದ ಪೋಕೆಮಾನ್ ಕಾರ್ಡುಗಳಿದ್ದವು. ಅವನ್ನು ಕಂಡೊಡನೆ ನಮಗಿಬ್ಬರಿಗೂ ವಿ.ಸಿ. ಫಾರಂ ಬಳಿಯ ಬಾಡಿಗೆ ಮನೆ, ಪಕ್ಕದ ಗೌಡರ ಜಗಲಿ ಮತ್ತು 2004ರ ಬೇಸಿಗೆ ನೆನಪಾದವು.

ಆ ವರ್ಷ ಅಮೆರಿಕದಿಂದ ಬಂದ ಮಾಮು ನಮ್ಮ ಮಗನಿಗೂ ಗೌಡರ ಮೊಮ್ಮಗನಿಗೂ ಈ ಕಾರ್ಡುಗಳನ್ನು ಹಂಚಿ ಹೋಗಿದ್ದರು. ನಮಗೆ ಮೊದಲು ಹುಟ್ಟಿದ್ದು ಅಳುಕು. 2001ರಲ್ಲಿ ಸೌದಿ ಅರೇಬಿಯಾ ಈ ಆಟವನ್ನು ನಿಷೇಧಿಸಿತ್ತು. ಇದರಲ್ಲಿ ಜೂಜಿನ ಅಂಶವಿದೆ ಎಂಬುದು ಅಲ್ಲಿನ ಆಕ್ಷೇಪಗಳಲ್ಲೊಂದು. ಮಗನನ್ನು ಕೂರಿಸಿಕೊಂಡು ಆಟದ ನಿಯಮ ಕೇಳಿದೆವು. ಒಬ್ಬೊಬ್ಬರ ಬಳಿ 60 ಕಾರ್ಡಿನ ಕಟ್ಟು. ಅದರಿಂದ ಆರನ್ನು ‘ಬಹುಮಾನ’ವೆಂದು ಪಕ್ಕಕ್ಕಿಡಬೇಕು. ಎದುರಾಳಿಯ ಪ್ರಾಣಿಯನ್ನು ಸೋಲಿಸಿದಾಗಲೆಲ್ಲ ನಾವಿಟ್ಟ ಆರರಲ್ಲಿ ಒಂದನ್ನು ನಾವೇ ಎತ್ತಿಕೊಳ್ಳಬೇಕು. ಆರೂ ಮೊದಲು ಮುಗಿಸಿದವನು ಗೆದ್ದ. ಒಬ್ಬರ ಕಾರ್ಡು ಇನ್ನೊಬ್ಬರ ಪಾಲಾಗುವುದಿಲ್ಲ. ಹಾಗಾದರೆ ಆಡಲಿ, ಆದರೆ ಪಣವಿಟ್ಟು ಆಡಕೂಡದು ಎಂದು ತೀರ್ಮಾನಿಸಿದೆವು. ಅಪಾಯ ಪಣದಲ್ಲಲ್ಲದೆ ಬೇರೆ ಕಡೆಯಿಂದ ಬರಬಹುದೆಂದು ನಮಗೆ ಹೊಳೆದಿರಲಿಲ್ಲ.

ಮಗನ ಪಾಲಿಗೆ ಬಂದ ಕಾರ್ಡುಗಳಲ್ಲಿ ಚಾರಿಝಾರ್ಡ್ ಎಂಬ ಬೆಂಕಿಯುಗುಳುವ ಪ್ರಾಣಿಯಿತ್ತು. ಮಿರುಗುವ ಚಿತ್ರ, 120 ಅಂಕದ ಆಯಸ್ಸು, 100 ಅಂಕದ ಹೊಡೆತ. ಗೌಡರ ಮೊಮ್ಮಗ ಅದಕ್ಕೆ ಮನಸೋತಿದ್ದ. ಒಂದು ದಿನ ಅದನ್ನು ಅವನಿಗೆ ಕೊಟ್ಟು ಹಿಟ್‌ಮನ್‌ಚಾನ್, ಇಲೆಕ್ಟಾಬಝ್ ಎಂಬ ಎರಡು ಕಾರ್ಡುಗಳನ್ನು ನಮ್ಮವನು ತಂದ. ನಾವು ‘ಎಂಥ ಉದಾರಿ’ ಎಂದು ಹಿಗ್ಗಿದೆವು. ಮಗ ನಕ್ಕ. “ಇಲ್ಲ ಅಬ್ಬಾ, ಅದು ಆಟಕ್ಕೆ ಬಾರದು. ಅವನಿಗೆ ಗೊತ್ತಿಲ್ಲ” ಎಂದ.

ಸೋತು ಸೋತು ಕಲಿತಿದ್ದನ್ನು ಆಮೇಲೆ ಜಗಲಿಯಲ್ಲಿ ವಿವರಿಸಿದ. ಚಾರಿಝಾರ್ಡ್ ನೇರವಾಗಿ ಕಣಕ್ಕಿಳಿಯುವುದಿಲ್ಲ. ಮೊದಲು 50 ಅಂಕದ ಮರಿ, ಆಮೇಲೆ ನಡುವಿನ ರೂಪ, ಕೊನೆಗೆ ಇದು. ಹೊಡೆಯಲು ನಾಲ್ಕು ಶಕ್ತಿ ಕಾರ್ಡು ಬೇಕು, ಸರದಿಗೆ ಸಿಗುವುದು ಒಂದೇ. ಒಮ್ಮೆ ಹೊಡೆದರೆ ಎರಡು ಶಕ್ತಿ ಕಳೆದುಹೋಗುತ್ತದೆ. ಮತ್ತೆ ಕೂಡಿಸುತ್ತ ಕೂರಬೇಕು. ಹಿಟ್‌ಮನ್‌ಚಾನ್‌ಗೆ ಬೆಳೆಯುವ ಹಂಗಿಲ್ಲ. 70 ಅಂಕದ ಆಯಸ್ಸು, ಒಂದೇ ಶಕ್ತಿಗೆ 20ರ ಗುದ್ದು. ಪೂರ್ತಿ ಬೆಳೆದ ಚಾರಿಝಾರ್ಡ್‌ಗೆ ಆ ಗುದ್ದು ತಾಕುವುದೇ ಇಲ್ಲ, ನಿಜ. ಆದರೆ ಮೂರು ಗುದ್ದಿಗೆ ಮರಿಯೇ ಮುಗಿದಿರುತ್ತದೆ.

ಗೌಡರು ಎಲೆಯಡಿಕೆ ಮೆಲ್ಲುತ್ತ ಕೇಳುತ್ತಿದ್ದರು. ಅವರು ಫಾರಂನ ಪ್ರಯೋಗದ ತಾಕುಗಳಲ್ಲಿ ದುಡಿದವರು. ವಿ.ಸಿ. ಫಾರಂ ಎಂದರೆ ವಿಶ್ವೇಶ್ವರಯ್ಯ ನಾಲೆಯ ಫಾರಂ. ಯಾವ ತಳಿ ಯಾವ ನೆಲಕ್ಕೆ, ಯಾವ ಕಾಲಕ್ಕೆ ಒಗ್ಗುತ್ತದೆಂದು ತೂಗಿ ನೋಡುವುದೇ ಅಲ್ಲಿನ ಕಸುಬು. ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟದ್ದು ಇಲ್ಲಿಯೇ. 1996ರಲ್ಲಿ ಬಿಡುಗಡೆಯಾದ ಕೆ.ಆರ್.ಎಚ್.-2 ಹೈಬ್ರಿಡ್ ಭತ್ತ ಬಂದದ್ದೂ ಇಲ್ಲಿಂದಲೇ.

“ಅಂಗಾರೆ ಇದು ಜಾಸ್ತಿ ದಿನದ ತಳಿ ಅನ್ನು” ಎಂದರು ಗೌಡರು. “ತೆನೆ ದೊಡ್ದು, ದಿಟವೇ. ಕಟ್ಟೇಲಿ ನೀರಿಲ್ದೆ ನಾಲೆಗೆ ಬಿಡೋದು ತಡ ಆದ ವರ್ಸ ಏನ್ಮಾಡ್ತೀಯ? ಆಗ ಸಣ್ಣ ತೆನೇದೇ ಮನೆ ಕಾಯ್ತದೆ. ಎಷ್ಟು ಬೆಳೀತದೆ ಅಂತ ಒಂದೇ ಕೇಳಬಾರ್ದು ಮಗಾ. ಎಷ್ಟು ದಿನಕ್ಕೆ, ಎಷ್ಟು ಗೊಬ್ಬರಕ್ಕೆ, ಯಾವ ರೋಗಕ್ಕೆ ಬಗ್ತದೆ, ಅದ್ನೂ ಕೇಳ್ಬೇಕು.”

ಬರದ ಬಿಸಿ ಇನ್ನೂ ಆರಿರದ ದಿನಗಳವು. ಆ ಮಾತು ನಮಗೆ ನಾಟಿತು. ಅಷ್ಟರಲ್ಲಿ ಗೌಡರು ನಮ್ಮ ಕಡೆ ತಿರುಗಿ, “ಸಾಬ್ರೇ, ನಿಮ್ಮ ಹೈದ ಬಲು ಚುರುಕು. ಇದ್ನೆಲ್ಲ ಕೊಡೋಕ್ ಮುಂಚೆ ನಮ್ಮೋನ್ಗೆ ಹೇಳಿದ್ನಾ?” ಎಂದರು. ಕೋಪವಿರಲಿಲ್ಲ, ಸುಮ್ಮನೆ ಕೇಳಿದ್ದರು. ನಮಗೆ ಉತ್ತರವಿರಲಿಲ್ಲ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಮಗನಿಗೆ ಪ್ರವಾದಿಯವರ(ಸ) ಒಂದು ಪ್ರಸಂಗ ಹೇಳಿದೆವು. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಅವರು ಕೈಯಿಟ್ಟಾಗ ಬೆರಳಿಗೆ ಒದ್ದೆ ತಾಗಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಕೊಳ್ಳುವವರಿಗೆ ಕಾಣುವಂತೆ ಅದನ್ನು ಮೇಲೆ ಇಡಬಹುದಿತ್ತಲ್ಲ ಎಂಬುದು ಪ್ರವಾದಿಯವರ ಪ್ರಶ್ನೆಯಾಗಿತ್ತು. ಒದ್ದೆ ಧಾನ್ಯ ಮಾರಬಾರದೆಂದು ಅವರು ಹೇಳಲಿಲ್ಲ, ಬಚ್ಚಿಡಬಾರದೆಂದರು. ಮಗ ತುತ್ತು ಕೈಯಲ್ಲೇ ಹಿಡಿದು ಕೂತ. “ಅವನೂ ನೋಡಿಕೊಂಡೇ ತಗೊಂಡಿದ್ದು” ಎಂದು ಒಮ್ಮೆ ವಾದಿಸಿದ. ಆಮೇಲೆ ಸುಮ್ಮನಾದ. ನಾವೂ ಸುಮ್ಮನಿದ್ದೆವು. ‘ಎಂಥ ಉದಾರಿ’ ಎಂದು ಹಿಗ್ಗಿದವರು ನಾವೇ ಅಲ್ಲವೇ? ಅವನ ಜಾಣತನ ತಿಳಿದ ಮೇಲೂ ಒಳಗೊಳಗೆ ಹೆಮ್ಮೆಪಟ್ಟಿದ್ದೆವು.

ಮರುದಿನ ಬೆಳಿಗ್ಗೆ ಅವನೇ ಎರಡೂ ಕಾರ್ಡು ಹಿಡಿದು ಪಕ್ಕದ ಮನೆಗೆ ಹೋದ. ಲೆಕ್ಕವನ್ನೆಲ್ಲ ಬಿಡಿಸಿ ಹೇಳಿ, ಬೇಕಿದ್ದರೆ ವಾಪಸು ತಗೋ ಎಂದನಂತೆ. ಆ ಹುಡುಗ ಪೂರ್ತಿ ಕೇಳಿಸಿಕೊಂಡು, “ಸೋತ್ರೂ ಪರ್ವಾಗಿಲ್ಲ, ನಂಗೆ ಇದೇ ಇಷ್ಟ” ಎಂದು ಚಾರಿಝಾರ್ಡನ್ನೇ ಉಳಿಸಿಕೊಂಡ. ಮಗ ಹಗುರಾಗಿ ಮರಳಿದ. ನಾವೂ ಹಗುರಾದೆವು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಈದ್ ದಿನ ಡಬ್ಬಿ ಮುಂದಿಟ್ಟುಕೊಂಡು ಮಗ ಹೇಳಿದ: 1999ರ ಮೊದಲ ಮುದ್ರಣದ, ಕಲೆಯಿಲ್ಲದ ಒಂದು ಚಾರಿಝಾರ್ಡ್ ಕಾರ್ಡು 2022ರಲ್ಲಿ 4 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತಂತೆ. ಗೌಡರ ಮೊಮ್ಮಗನ ಬಳಿ ಇರುವುದು ಮೊದಲ ಮುದ್ರಣದ್ದಲ್ಲ, ಮೂಲೆಯೂ ಮಡಚಿದೆ. ಆದರೂ ನಮ್ಮ ಡಬ್ಬಿಯ ಎರಡನ್ನೂ ಸೇರಿಸಿ ತೂಗಿದರೆ ತಕ್ಕಡಿ ಅವನ ಕಡೆಗೇ ವಾಲುತ್ತದೆ. 2023ರಲ್ಲಿ ಬಂದ ಚಾರಿಝಾರ್ಡ್ ಇಎಕ್ಸ್ ಎಂಬ ಹೊಸ ಕಾರ್ಡು ಪಂದ್ಯಗಳಲ್ಲೂ ಗೆದ್ದಿತಂತೆ. ಅದು ಬೆಳೆದು ಕಣಕ್ಕೆ ಬರುವಾಗಲೇ ಕಟ್ಟಿನಿಂದ ಮೂರು ಶಕ್ತಿ ಕಾರ್ಡುಗಳನ್ನು ಹುಡುಕಿ ಜೋಡಿಸಿಕೊಡುತ್ತದೆ. ಹೊಡೆಯಲು ಎರಡೇ ಸಾಕು. ಹೆಸರು ಅದೇ, ತಳಿ ಬೇರೆ. ಹಳೆಯದರ ಕೊರತೆ ಯಾವುದಿತ್ತೋ ಅದನ್ನೇ ತಿದ್ದಿದ್ದಾರೆ. ಗೌಡರಿದ್ದಿದ್ದರೆ ಕೇಳಿ ತಲೆದೂಗುತ್ತಿದ್ದರು.

“ಅವತ್ತು ಅವನು ವಾಪಸು ತಗೊಂಡಿದ್ದರೆ?” ಎಂದು ನಾವು ಕೇಳಿದೆವು. ಮಗ ಡಬ್ಬಿಯ ಮುಚ್ಚಳ ಹಾಕುತ್ತ, “ಲಾಭ ನನ್ನದಾಗುತ್ತಿತ್ತು ಅಬ್ಬಾ. ಆದರೆ ಇವತ್ತು ಅವನ ಮನೆಗೆ ಶೀರ್‌ಖುರ್ಮಾ ಕೊಡೋಕೆ ಇಷ್ಟು ನಿರಾಳವಾಗಿ ಹೋಗೋದು, ಅವತ್ತು ಹೇಳಿಬಿಟ್ಟಿದ್ದರಿಂದ” ಎಂದ. ಡಬ್ಬಿಯನ್ನು ಅಟ್ಟಕ್ಕೆ ಸೇರಿಸಿ, ಟಿಫನ್ ಕ್ಯಾರಿಯರ್ ಹಿಡಿದು ಹೊರಟ.